ಬೋಂಡನ ಹೊಟ್ಟೆಗೆ 4,800 ರೂಪಾಯಿ ಮಷೀನು: ಆರು ತಿಂಗಳಾದ್ಮೇಲೆ ನನ್ನ ರಿವ್ಯೂ

ಬೆಳಗಿನ ಜಾವ ನಾಲ್ಕೂ ಇಪ್ಪತ್ತು. ಆರೂವರೆ ಕೆಜಿ ಹತ್ರ ಹತ್ರ ಇರೋ ಒಂದು ಪ್ರಾಣಿ ಎದೆ ಮೇಲೆ ಹತ್ತಿ ಕೂತು ಮೂಗಿಗೆ ಮೂಗು ತಾಗಿಸಿ ಕೂಗತ್ತೆ. ನಾನು ಏಳಲ್ಲ. ಆಮೇಲೆ ಅದು ಪಕ್ಕದ ಟೀಪಾಯಿ ಮೇಲಿರೋ ಕನ್ನಡಕನ ಒಂದೇ ಕೈಯಲ್ಲಿ ಮೆಲ್ಲಗೆ ಅಂಚಿಗೆ ತಳ್ಳತ್ತೆ, ನನ್ನ ಮುಖ ನೋಡ್ಕೊಂಡೇ ತಳ್ಳತ್ತೆ. ಟಪ್. ಈಗ ಎದ್ದೆ. ಎದ್ದಿದ್ದಕ್ಕೆ ಅದಕ್ಕೆ ಊಟ ಸಿಕ್ತು, ಸೋ ನಾಳೆ ನಾಲ್ಕೂ ಹತ್ತಕ್ಕೇ ಬರತ್ತೆ. ಒಂದೂವರೆ ವರ್ಷ ನಮ್ಮನೇಲಿ ಇದೇ ಸುಪ್ರಭಾತ. ಈ ಹಿಂಸೆ ತಡೀಲಾರದೇನೇ ನಾನು ಜೂನ್‌ನಲ್ಲಿ ಆಟೋಮ್ಯಾಟಿಕ್ ಫೀಡರ್ ತರಿಸಿದ್ದು, ಅಂದ್ರೆ ಹೊತ್ತು ಹೊತ್ತಿಗೆ ತಾನೇ ಬಟ್ಟಲಿಗೆ ಡ್ರೈ ಫುಡ್ ಕಾಳು ಬೀಳಿಸೋ ಮಷೀನು. ಬೆಕ್ಕು ಸಾಕಿರೋ ಫ್ರೆಂಡ್ಸ್ ಎಲ್ಲ "ಹೆಂಗಿದೆ, ತಗೋಬಹುದಾ" ಅಂತ ಕೇಳ್ತಾನೇ ಇರ್ತಾರೆ, ಒಬ್ಬೊಬ್ರಿಗೂ ವಾಯ್ಸ್ ಮೆಸೇಜ್ ಹಾಕಿ ಸಾಕಾಗಿ ಇಲ್ಲಿ ಒಂದೇ ಸಲ ಬರೀತಿದೀನಿ. ಬ್ರ್ಯಾಂಡ್ ಹೆಸರು ಹೇಳಲ್ಲ, ಯಾಕಂದ್ರೆ ಆನ್‌ಲೈನ್‌ನಲ್ಲಿ ಸಿಗೋ ಅರ್ಧಕ್ಕರ್ಧ ಫೀಡರ್‌ಗಳು ನೋಡೋಕೆ ಒಂದೇ ಥರ, ಮೇಲಿನ ಸ್ಟಿಕ್ಕರ್ ಮಾತ್ರ ಬೇರೆ.

ಮೊದಲು ಪಾತ್ರ ಪರಿಚಯ. ಬೋಂಡ, ಗಂಡು ಬೆಕ್ಕು, ಕೇಸರಿ ಬಣ್ಣ, ನಾಲ್ಕು ವರ್ಷ. ಬನಶಂಕರಿಯಲ್ಲಿ ನಮ್ಮ ಹಳೇ ಮನೆ ಹತ್ರ ಮಳೇಲಿ ನೆಂದು ಸ್ಕೂಟರ್ ಸೀಟ್ ಕೆಳಗೆ ಸೇರ್ಕೊಂಡಿದ್ದ, ಅಂಗೈ ಅಷ್ಟಿದ್ದ. ಅವತ್ತು ಹಸಿದಿದ್ದು ಇವತ್ತಿಗೂ ಮರ್ತಿಲ್ಲ ಅನ್ಸತ್ತೆ, ತಟ್ಟೆ ಕಂಡ್ರೆ ಇದೇ ಕೊನೇ ಊಟ ಅನ್ನೋ ಥರ ನುಂಗ್ತಾನೆ, ಅಗಿಯೋ ಪದ್ಧತಿನೇ ಇಲ್ಲ, ಎರಡು ನಿಮಿಷಕ್ಕೆ ಅದನ್ನೇ ಕಾರ್ಪೆಟ್ ಮೇಲೆ ವಾಪಸ್ ಕೊಡ್ತಾನೆ. ಇನ್ನೊಬ್ಬಳು ಶಾವಿಗೆ, ಬೂದು ಬಣ್ಣ, ಮೂರೇ ಕೆಜಿ. ಇವಳು ನಾಲ್ಕು ಕಾಳು ತಿಂದು ಕಿಟಕಿ ಹತ್ರ ಹೋಗಿ ಪಾರಿವಾಳ ನೋಡಿ ಬಂದು ಮತ್ತೆ ಎರಡು ಕಾಳು ತಿನ್ನೋಳು. ಅಷ್ಟರಲ್ಲಿ ಅವಳ ತಟ್ಟೆ ತೊಳೆದಿಟ್ಟಂಗೆ ಆಗಿರತ್ತೆ, ಯಾರು ತೊಳೆದ್ರು ಅಂತ ಬೇರೆ ಹೇಳ್ಬೇಕಾ.

ಫೀಡರ್ ತಗೊಳ್ಳೋ ಮುಂಚೆ ಡಾಕ್ಟ್ರ ಹತ್ರ ಹೋದ್ವಿ, ನೀವೂ ದಯವಿಟ್ಟು ಮೊದಲು ಅಲ್ಲಿಗೇ ಹೋಗಿ. ಬೆಕ್ಕಿಗೆ ಇದ್ದಕ್ಕಿದ್ದ ಹಾಗೆ ಹಸಿವು ಜಾಸ್ತಿ ಆದ್ರೆ ಅದು ಬರೀ ದುರಾಸೆ ಅಲ್ದೇ ಇರಬಹುದು, ಹೊಟ್ಟೆಹುಳ ಇರಬಹುದು, ಶುಗರ್ ಇರಬಹುದು, ವಯಸ್ಸಾದ ಬೆಕ್ಕಾದ್ರೆ ಥೈರಾಯ್ಡ್ ಇರಬಹುದು. ತಿಂತಾನೇ ಇದ್ದು ತೂಕ ಇಳೀತಿದ್ರಂತೂ ಕಾಯ್ಬೇಡಿ. ನಮ್ಮವನಿಗೆ ಅಂಥದ್ದೇನೂ ಇರಲಿಲ್ಲ, ರಕ್ತ ಪರೀಕ್ಷೆ ಎಲ್ಲ ನಾರ್ಮಲ್, ತೂಕ ಮಾತ್ರ 6.4 ಕೆಜಿ. ಡಾಕ್ಟ್ರು ಪಕ್ಕೆಲುಬು ಹುಡುಕಿದ್ರು, ಸ್ವಲ್ಪ ಹೊತ್ತು ಹುಡುಕಿದ್ರು, ಆಮೇಲೆ ನಕ್ಕರು. ಇವನ ಮೈಕಟ್ಟಿಗೆ 4.8 ಸಾಕಂತೆ. ಮರಿ ಆಗದ ಹಾಗೆ ಆಪರೇಷನ್ ಆದ ಬೆಕ್ಕಿಗೆ ಹಸಿವು ಏರತ್ತೆ, ಮೈ ಖರ್ಚು ಮಾಡೋ ಶಕ್ತಿ ಇಳಿಯತ್ತೆ, ನಾವು ಮಾತ್ರ ಪ್ಯಾಕೆಟ್ ಮೇಲಿನ ಲೆಕ್ಕ ನೋಡಿ ಅದರ ಮೇಲೆ "ಪಾಪ" ಅಂತ ಇನ್ನೊಂದು ಹಿಡಿ ಹಾಕ್ತೀವಿ. ದಿನಕ್ಕೆ 180 ಕ್ಯಾಲೊರಿ ಅಂದ್ರು, ನಮ್ಮ ಡ್ರೈ ಫುಡ್ ಲೆಕ್ಕದಲ್ಲಿ ಅದು ಹೆಚ್ಚು ಕಮ್ಮಿ 50 ಗ್ರಾಂ. ನಾನು ಹಾಕ್ತಿದ್ದಿದ್ದು ಎಷ್ಟು ಅಂತ ಮನೆಗೆ ಬಂದು ತೂಗಿದ್ರೆ 95 ಗ್ರಾಂ. ಒಂದು ಕಪ್ ಅಂದ್ಕೊಂಡು ಗೋಪುರ ಕಟ್ತಿದ್ದೆ.

ಇನ್ನೊಂದು ಮಾತು ಹೇಳಿದ್ರು ಡಾಕ್ಟ್ರು, ಅದು ನನಗೆ ಹಿಡಿಸ್ತು. ಬೆಕ್ಕು ಹೊರಗಡೆ ಇದ್ರೆ ಎರಡು ಹೊತ್ತು ಬಾಳೆಎಲೆ ಊಟ ಮಾಡೋ ಜಾತಿ ಅಲ್ಲ, ದಿನಾ ಪೂರ್ತಿ ಸಣ್ಣ ಸಣ್ಣ ಬೇಟೆ ಆಡಿ ತಿನ್ನತ್ತೆ. ಒಂದು ಚಿಟ್ಟಿಲಿ ಅಂದ್ರೆ ಸುಮಾರು 30 ಕ್ಯಾಲೊರಿ. ನಮ್ಮ ಕಾಳು 8 ಗ್ರಾಂ ಅಂದ್ರೂ ಅಷ್ಟೇ. ಸೋ ಆರು ಸಲ 8 ಗ್ರಾಂ, ಅಂದ್ರೆ ದಿನಕ್ಕೆ ಆರು ಇಲಿ. ಆಫೀಸಿಗೆ ಹೋಗೋ ನಾನು ಆರು ಸಲ ಇಲಿ ಹಿಡಿದುಕೊಡೋಕೆ ಆಗತ್ತಾ? ಅಲ್ಲಿಗೆ ಫೀಡರ್ ಬೇಕೇ ಬೇಕು ಅಂತ ಆಯ್ತು.

ನಾನು ತಗೊಂಡಿದ್ದು 4 ಲೀಟರ್ ಡಬ್ಬ, ಕೆಳಗೆ ಸ್ಟೀಲ್ ಬಟ್ಟಲು, ಫೋನಿಂದ ಟೈಮ್ ಸೆಟ್ ಮಾಡೋ ಥರದ್ದು, ಕ್ಯಾಮೆರಾ ಇಲ್ಲ. ಸ್ಟೀಲ್ ಬಟ್ಟಲು ಇರೋದನ್ನೇ ಹುಡುಕಿ ತಗೊಳ್ಳಿ, ಪ್ಲಾಸ್ಟಿಕ್ ಬಟ್ಟಲಲ್ಲಿ ತಿಂದು ತಿಂದು ಬೋಂಡನ ಗಲ್ಲದ ಕೆಳಗೆ ಕಪ್ಪು ಕಪ್ಪು ಗುಳ್ಳೆ ಎದ್ದಿತ್ತು, ಬಟ್ಟಲು ಬದಲಾಯಿಸಿ ದಿನಾ ತೊಳೆಯೋಕೆ ಶುರು ಮಾಡಿದ್ಮೇಲೆ ಹೋಯ್ತು. ಫೋನ್‌ಗೆ ಕನೆಕ್ಟ್ ಮಾಡೋದು ಒಂದು ಭಾನುವಾರ ಪೂರ್ತಿ ತಿಂತು. ಈ ಫೀಡರ್‌ಗಳಲ್ಲಿ ಬಹಳಷ್ಟಕ್ಕೆ 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಹಿಡಿಯತ್ತೆ, ನಮ್ಮ ರೂಟರ್ 2.4, 5 ಎರಡನ್ನೂ ಒಂದೇ ಹೆಸರಲ್ಲಿ ಬಿಡ್ತಿತ್ತು, ನಮ್ಮನೆಯವ್ರು ರೂಟರ್ ಸೆಟ್ಟಿಂಗ್‌ಗೆ ಹೋಗಿ ಬೇರೆ ಬೇರೆ ಹೆಸರು ಕೊಟ್ಟ ಮೇಲೆ ಕನೆಕ್ಟ್ ಆಯ್ತು. ಅಷ್ಟು ಹೊತ್ತೂ ಬೋಂಡ ಖಾಲಿ ರಟ್ಟಿನ ಡಬ್ಬದೊಳಗೆ ಕೂತು ಸೂಪರ್‌ವೈಸ್ ಮಾಡ್ತಿದ್ದ.

ಮೊದಲನೇ ರಾತ್ರಿ. ಬೆಳಿಗ್ಗೆ 5ಕ್ಕೆ ಸೆಟ್ ಮಾಡಿ ಖುಷಿಯಾಗಿ ಮಲಗಿದೀನಿ, ಎರಡೂವರೆಗೆ ಹಾಲಲ್ಲಿ ಗರ್ರ್ ಅಂತ ಶಬ್ದ, ಆಮೇಲೆ ಕಾಳು ಬಟ್ಟಲಿಗೆ ಬೀಳೋ ಟಣಟಣ, ಆಮೇಲೆ ಎರಡು ಬೆಕ್ಕು ಒಬ್ಬರ ಮೇಲೊಬ್ಬರು ಬಿದ್ದು ಓಡೋ ಶಬ್ದ. ಕಳ್ಳ ಬಂದ ಅಂತ ನಮ್ಮನೆಯವ್ರು ಕ್ರಿಕೆಟ್ ಬ್ಯಾಟ್ ಎತ್ತಿಕೊಂಡು ಹೊರಟಿದ್ರು. ಮಾರನೇ ರಾತ್ರಿನೂ ಸರಿಯಾಗಿ ಎರಡೂವರೆಗೇ. ತಲೆ ಕೆರ್ಕೊಂಡು ನೋಡಿದ್ರೆ ಆ್ಯಪ್ ಒಳಗೆ ಟೈಮ್ ಝೋನ್ ಚೀನಾದ್ದೇ ಇತ್ತು. ಅಲ್ಲಿ 5 ಗಂಟೆ ಆದಾಗ ನಮಗೆ ಎರಡೂವರೆ. ಬೋಂಡ ಎರಡು ದಿನ ಬೀಜಿಂಗ್ ಟೈಮಲ್ಲಿ ತಿಂಡಿ ತಿಂದ. ನೀವು ತಗೊಂಡ್ರೆ ಮೊದಲು ಅದನ್ನ ನೋಡಿ.

ಅಳತೆ ವಿಷಯದಲ್ಲಿ ಸ್ವಲ್ಪ ಹುಷಾರು, ಇಲ್ಲೇ ಎಲ್ಲರೂ ಎಡವೋದು. ಮ್ಯಾನುಯಲ್‌ನಲ್ಲಿ ಒಂದು ಪೋರ್ಷನ್ ಅಂದ್ರೆ 10 ಗ್ರಾಂ ಅಂತ ಬರೆದಿರ್ತಾರೆ. ಮಷೀನಿಗೆ ತೂಕ ಗೊತ್ತಿಲ್ಲ ಸ್ವಾಮಿ. ಒಳಗೆ ಒಂದು ರಬ್ಬರ್ ಚಕ್ರ ಇದೆ, ಅದರ ಒಂದು ಸಂದಿಯಲ್ಲಿ ಎಷ್ಟು ಕಾಳು ಕೂರತ್ತೋ ಅಷ್ಟು ಕೆಳಗೆ ಬೀಳತ್ತೆ. ದಪ್ಪ ಕಾಳಾದ್ರೆ ಕಮ್ಮಿ, ಸಣ್ಣದಾದ್ರೆ ಜಾಸ್ತಿ. ನಾನು ಅಡುಗೆಮನೆ ಡಿಜಿಟಲ್ ತಕ್ಕಡಿ ಇಟ್ಟು ಹತ್ತು ಸಲ ಬೀಳಿಸಿ ತೂಗಿದೆ, 7 ಬಂತು, 9 ಬಂತು, ಸರಾಸರಿ 8. ಹಾಗಾಗಿ ಆರು ಸಲ, ಒಂದೊಂದೇ ಪೋರ್ಷನ್: ಬೆಳಿಗ್ಗೆ 5, 9, ಮಧ್ಯಾಹ್ನ 1, ಸಂಜೆ 5, ರಾತ್ರಿ ಎಂಟೂವರೆ, 11. ಕಾಳಿನ ಬ್ರ್ಯಾಂಡ್ ಬದಲಾಯಿಸಿದಾಗೆಲ್ಲ ಮತ್ತೆ ತೂಗ್ಬೇಕು. ಹಾಗಂತ ಅತಿ ಉತ್ಸಾಹದಲ್ಲಿ ಒಂದೇ ಸಲಕ್ಕೆ ಊಟ ಅರ್ಧಕ್ಕೆ ಇಳಿಸೋಕೆ ಹೋಗ್ಬೇಡಿ, ದಪ್ಪ ಬೆಕ್ಕು ಎರಡು ಮೂರು ದಿನ ಸರಿಯಾಗಿ ತಿನ್ನದೇ ಇದ್ರೆ ಕೊಬ್ಬೆಲ್ಲ ಲಿವರ್‌ಗೆ ಇಳಿದು ಜೀವಕ್ಕೇ ಅಪಾಯ ಆಗತ್ತೆ. ನಾವು 95ರಿಂದ 50ಕ್ಕೆ ಬರೋಕೆ ಐದು ವಾರ ತಗೊಂಡ್ವಿ, ಡಾಕ್ಟ್ರು ಹೇಳಿದ ಪ್ರಕಾರನೇ.

ಇನ್ನು ಯುದ್ಧಕಾಂಡ. ಬೋಂಡನಿಗೆ ಮೂರೇ ದಿನದಲ್ಲಿ ಅರ್ಥ ಆಯ್ತು, ಊಟ ಈ ಬಿಳಿ ಕಂಬದೊಳಗಿದೆ ಅಂತ. ಮೊದಲು ಕೆಳಗಿನ ಬಾಯಿಗೆ ಮೊಣಕೈವರೆಗೂ ಕೈ ಹಾಕಿದ, ಎರಡು ಕಾಳು ಸಿಕ್ತು. ಸಿಕ್ಕಿದ್ದೇ ತಪ್ಪಾಯ್ತು, ಆಮೇಲೆ ಅದೇ ಅವನ ಫುಲ್ ಟೈಮ್ ಕೆಲಸ. ಆಮೇಲೆ ಮೇಲೆ ಹತ್ತಿ ಮುಚ್ಚಳದ ಬಟನ್ ಮೇಲೆ ಕೂತ, ಅದು ಒತ್ತಿದ್ರೆ ತೆಗೆಯೋ ಮುಚ್ಚಳ, ಡಿಸೈನ್ ಮಾಡಿದವರ ಮನೇಲಿ ಬೆಕ್ಕಿಲ್ಲ ಅಂತ ಅವತ್ತೇ ಗೊತ್ತಾಯ್ತು. ಒಂದು ದಿನ ಸಂಜೆ ಮನೆಗೆ ಬಂದ್ರೆ ಮಷೀನು ಅಂಗಾತ ಬಿದ್ದಿದೆ, ಹಾಲ್ ತುಂಬಾ ಕಾಳು, ಮಧ್ಯದಲ್ಲಿ ಬೋಂಡ ಹೊಟ್ಟೆ ಮೇಲೆ ಮಾಡ್ಕೊಂಡು ಉಸಿರಾಡೋಕೂ ಕಷ್ಟಪಡ್ತಾ ಮಲಗಿದಾನೆ. ಶಾವಿಗೆ ಸೋಫಾ ಮೇಲಿಂದ ನನ್ನ ಕಡೆ ನೋಡಿದ್ಲು, "ನಾನಲ್ಲಪ್ಪ" ಅನ್ನೋ ಥರ.

ಡಬಲ್ ಸೈಡ್ ಟೇಪ್ ಹಾಕಿದ್ವಿ, ಎರಡು ದಿನ ಬಂತು. ಮುಚ್ಚಳಕ್ಕೆ ಲಗೇಜ್ ಬೆಲ್ಟ್ ಸುತ್ತಿದ್ವಿ, ಅದು ಕೆಲಸ ಮಾಡ್ತು. ಬೀಳದೇ ಇರೋಕೆ ಪರಿಹಾರ ಕೊಟ್ಟಿದ್ದು ಮಾತ್ರ ಅಮ್ಮ. ತಿಪಟೂರಿಂದ ಬಂದಿದ್ರು, ಬಾಲ್ಕನಿಯಲ್ಲಿ ವರ್ಷಗಟ್ಟಲೆಯಿಂದ ಸುಮ್ನೆ ಬಿದ್ದಿದ್ದ ಅಜ್ಜಿ ಕಾಲದ ರುಬ್ಬುಗುಂಡು ತಂದು ಮಷೀನಿನ ಮುಂದೆ ಒಂದು ಪಕ್ಕಕ್ಕೆ ಇಟ್ಟು, ಹಿಂದೆ ಫ್ರಿಡ್ಜ್ ಮೂಲೆಗೆ ಒತ್ತಿಸಿ, "ಈಗ ಬೀಳ್ಸಲಿ ನೋಡೋಣ" ಅಂದ್ರು. ಇವತ್ತಿನವರೆಗೂ ಬಿದ್ದಿಲ್ಲ. 4,800 ರೂಪಾಯಿ ಮಷೀನಿಗೆ ರುಬ್ಬುಗುಂಡು ಕಾವಲು.

ಧ್ವನಿ ರೆಕಾರ್ಡ್ ಮಾಡೋ ಸೌಲಭ್ಯ ಒಂದಿದೆ, 10 ಸೆಕೆಂಡ್. ನಾನು ಮುದ್ದಾಗಿ "ಬೋಂಡಾ, ಬಾರೋ ಊಟಕ್ಕೆ" ಅಂತ ರೆಕಾರ್ಡ್ ಮಾಡಿದ್ದೆ. ಬೋಂಡ ಮೊದಲ ದಿನ ಮಷೀನಿನ ಹಿಂದೆ ಹೋಗಿ ನನ್ನನ್ನ ಹುಡುಕಿದ. ಅದೇನೋ ಚೆನ್ನಾಗಿತ್ತು. ಆದ್ರೆ ಬೆಳಿಗ್ಗೆ 5 ಗಂಟೆ ಕತ್ತಲಲ್ಲಿ ಖಾಲಿ ಹಾಲಿಂದ ನನ್ನದೇ ದನಿ ಕೇಳಿ ಅಮ್ಮ ರೂಮಿಂದ "ಬಂದೆ ಇರೇ, ಹಲ್ಲುಜ್ಜಿಕೊಂಡು ಬರ್ತೀನಿ" ಅಂತ ಉತ್ತರ ಕೊಟ್ಟ ಮೇಲೆ ಆಫ್ ಮಾಡಿದೆ. ಅವನಿಗೆ ಮೋಟರ್ ಗರ್ರ್ ಅನ್ನೋದೇ ಸಾಕು.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಈ ಮಷೀನು ಬೋಂಡನ ಹಸಿವು ಕಮ್ಮಿ ಮಾಡಿದ್ಯಾ? ಇಲ್ಲ. ಅವನು ಇವತ್ತಿಗೂ ಹೊಟ್ಟೆಬಾಕನೇ. ಬದಲಾಗಿದ್ದು ಏನಂದ್ರೆ ಅವನು ಅರ್ಜಿ ಹಾಕೋ ಆಫೀಸು. ಮುಂಚೆ ಊಟ ಅಂದ್ರೆ ನಾನು, ನಾನು ಕಣ್ಣು ಬಿಟ್ರೆ ಊಟ, ನಾನು ಅಡುಗೆಮನೆ ಕಡೆ ಹೆಜ್ಜೆ ಇಟ್ರೆ ಊಟ, ಬಾತ್‌ರೂಮಿಗೆ ಹೋದ್ರೂ ಕಾಲಿಗೆ ಸುತ್ಕೊಂಡು ಬರ್ತಿದ್ದ. ಈಗ ಊಟ ಅಂದ್ರೆ ಆ ಕಂಬ. ಇದು ಒಂದೇ ದಿನಕ್ಕೆ ಆಗಲ್ಲ, ಮೊದಲ ವಾರ ಕಿರುಚಾಟ ಜಾಸ್ತಿನೇ ಆಗತ್ತೆ, ಮುಂಚೆ ಕೆಲಸ ಮಾಡ್ತಿದ್ದ ಉಪಾಯ ಈಗ ಯಾಕೆ ಕೆಲಸ ಮಾಡ್ತಿಲ್ಲ ಅಂತ ಇನ್ನೂ ಜೋರಾಗಿ ಟ್ರೈ ಮಾಡ್ತಾನೆ. ಆ ವಾರ ನೀವು ಒಂದೇ ಒಂದು ಸಲ ಸೋತು ಎದ್ದು ಹಾಕಿದ್ರೂ ಮುಗೀತು, "ಓ ಇಷ್ಟು ಜೋರಾಗಿ ಕೂಗ್ಬೇಕು" ಅಂತ ಕಲೀತಾನೆ. ನಾವು ಕಿವಿಗೆ ಹತ್ತಿ ಇಟ್ಕೊಂಡು ಮಲಗಿದ್ವಿ, ಕನ್ನಡಕ ಡ್ರಾಯರ್‌ಗೆ ಹಾಕಿದ್ವಿ. ಮೂರನೇ ವಾರಕ್ಕೆ ಅವನು ನಾಲ್ಕೂವರೆಗೆ ಎದ್ದು ನನ್ನ ದಾಟ್ಕೊಂಡು ಹೋಗಿ ಮಷೀನಿನ ಮುಂದೆ ಬಸ್ಸಿಗೆ ಕಾಯೋ ಹಾಗೆ ಕೂತ್ಕೊಳ್ಳೋಕೆ ಶುರು ಮಾಡಿದ. ಸ್ವಲ್ಪ ಸ್ವಲ್ಪನೇ ಬೀಳೋದ್ರಿಂದ ವಾಂತಿನೂ ನಿಂತಿದೆ. ಸ್ವಲ್ಪ ಬೇಜಾರೂ ಆಯ್ತು, ನಿಜ ಹೇಳ್ತೀನಿ, ನನ್ನ ಮೇಲಿದ್ದ ಪ್ರೀತಿಯಲ್ಲಿ ಎಷ್ಟು ಭಾಗ ಕಾಳಿನದು ಅಂತ ಗ್ರಾಂ ಲೆಕ್ಕದಲ್ಲಿ ಗೊತ್ತಾಗ್ಬಿಟ್ಟಿತ್ತು. ಈಗ ರಾತ್ರಿ 11ರದ್ದು ತಿಂದು ಸೀದಾ ಬಂದು ಕಾಲ ಹತ್ರ ಮಲಗ್ತಾನೆ, ಏನೂ ಕೇಳಲ್ಲ, ಅಷ್ಟು ಸಾಕು.

ಇಷ್ಟೆಲ್ಲ ಆದ್ರೂ ಮೊದಲ ಆರು ವಾರ ತೂಕ ಇಳಿದಿದ್ದು ಐವತ್ತೇ ಗ್ರಾಂ. ನನಗೆ ಮಷೀನಿನ ಮೇಲೆ ಡೌಟು. ಮತ್ತೆ ತೂಗಿದೆ, ಸರಿಯಾಗೇ ಬೀಳ್ತಿದೆ. ಡಾಕ್ಟ್ರಿಗೆ ಫೋನ್ ಮಾಡಿದ್ರೆ "ಮನೇಲಿ ಬೇರೆ ಯಾರಾದ್ರೂ ಹಾಕ್ತಿದಾರಾ ನೋಡಿ" ಅಂದ್ರು. ಅಯ್ಯೋ ನಮ್ಮನೇಲಿ ಯಾರೂ ಇಲ್ಲ ಸರ್ ಅಂತ ಹೇಳ್ತಿರೋವಾಗ್ಲೇ ಬೋಂಡ ಅಡುಗೆಮನೆಯಿಂದ ಬಂದ, ಮೀಸೆ ಪೂರ್ತಿ ಮೊಸರು. ಹಿಂದೆ ಅಮ್ಮ. "ಒಂದೇ ಒಂದು ತುತ್ತು ಕಣೆ, ಮೊಸರನ್ನ, ಮೂಕ ಪ್ರಾಣಿ, ಯಂತ್ರದ ಮುಂದೆ ಕೈ ಮುಗ್ಕೊಂಡು ಕೂತಿರತ್ತೆ, ನೋಡಕ್ಕಾಗಲ್ಲ." ಒಂದು ತುತ್ತು ಅಂದ್ರೆ ಅಮ್ಮನ ಅಳತೇಲಿ ಎಷ್ಟು ಅಂತ ಆ ಕೈಯಲ್ಲಿ ಊಟ ಮಾಡಿ ಬೆಳೆದ ನನಗೆ ಗೊತ್ತು. ಜಗಳ ಆಡೋಕೆ ಆಗಲ್ಲ, ಅದಕ್ಕೆ ಒಪ್ಪಂದ ಮಾಡ್ಕೊಂಡ್ವಿ: ದಿನದ ಕಾಳಲ್ಲೇ ಹತ್ತು ಎಣಿಸಿ ಒಂದು ಸಣ್ಣ ಡಬ್ಬಿಗೆ ಹಾಕಿ ಅಮ್ಮಂಗೆ ಕೊಡೋದು, ಕೈಯಾರೆ ಕೊಡೋ ಆಸೆ ಇದ್ರೆ ಅದ್ರಲ್ಲೇ. ಅಲ್ಲಿಂದ ತೂಕ ಇಳಿಯೋಕೆ ಶುರು. ಈಗ 5.5. ಯಾವ ಕಂಪನಿ ಫೀಡರ್ ಆದ್ರೂ ತಗೊಳ್ಳಿ, ಮನೇಲಿರೋ ಅಮ್ಮ, ಅತ್ತೆ, ಅಡುಗೆಯವರು, ಮಕ್ಕಳು, ಎಲ್ಲರ ಹತ್ರ ಮೊದಲು ಮಾತಾಡಿ.

ಮಳೆಗಾಲದ ಕಷ್ಟ ಯಾವ ವೀಡಿಯೋ ರಿವ್ಯೂನಲ್ಲೂ ಯಾರೂ ಹೇಳಿರಲಿಲ್ಲ. 4 ಲೀಟರ್ ಇದೆ ಅಂತ ಪೂರ್ತಿ ತುಂಬಿಸಿದ್ದೆ, ಹದಿನೈದು ದಿನಕ್ಕೆ ತಳದಲ್ಲಿ ಕಾಳು ಮೆತ್ತಗಾಗಿ ಹಳೇ ಎಣ್ಣೆ ವಾಸನೆ. ಮುಚ್ಚಳದಲ್ಲಿ ತೇವ ಹೀರೋ ಪುಟ್ಟ ಪೊಟ್ಟಣ ಇಡ್ತಾರೆ, ನಮ್ಮ ಜುಲೈ ತಿಂಗಳಿಗೆ ಅದು ಸಾಲಲ್ಲ. ಈಗ ನಾಲ್ಕು ದಿನಕ್ಕಾಗುವಷ್ಟೇ ತುಂಬಿಸ್ತೀನಿ, ವಾರಕ್ಕೊಮ್ಮೆ ಡಬ್ಬ, ಚಕ್ರ ಬಿಚ್ಚಿ ತೊಳೆದು ಬಿಸಿಲಲ್ಲಿ ಪೂರ್ತಿ ಒಣಗಿಸ್ತೀನಿ. ಆಮೇಲೆ ಇರುವೆ. ಹಳೇ ಉಪಾಯ ಅಂತ ಅಗಲದ ತಟ್ಟೇಲಿ ನೀರು ಹಾಕಿ ಮಧ್ಯೆ ಒಂದು ಮಣೆ, ಅದರ ಮೇಲೆ ಮಷೀನು ಇಟ್ಟೆ, ಭೇಷ್ ಅಂದ್ಕೊಂಡೆ, ಮಾರನೇ ದಿನ ನೋಡಿದ್ರೆ ಗೋಡೆ ಪ್ಲಗ್ ಪಾಯಿಂಟ್‌ನಿಂದ ಚಾರ್ಜರ್ ವೈರ್ ಮೇಲೆ ಸಾಲಾಗಿ ಮೆರವಣಿಗೆ ಬರ್ತಿದೆ. ಸೇತುವೆ ನಾನೇ ಕಟ್ಟಿಕೊಟ್ಟಿದ್ದೆ. ಇರುವೆ ಚಾಕ್‌ಪೀಸ್ ಮಾತ್ರ ಗೀಚಬೇಡಿ, ಅಂಥವುಗಳಲ್ಲಿ ಹಾಕೋ ಪೈರೆಥ್ರಾಯ್ಡ್ ಜಾತಿ ಕೀಟನಾಶಕ ಬೆಕ್ಕಿಗೆ ವಿಷ, ಪಾದಕ್ಕೆ ಅಂಟಿಸ್ಕೊಂಡು ನೆಕ್ಕಿಬಿಡ್ತವೆ. ನಾನು ವೈರ್‌ಗೆ ಒಂದು ಗೇಣು ಉದ್ದ ವ್ಯಾಸಲೀನ್ ಹಚ್ಚಿದೀನಿ, ಬೆಕ್ಕಿಗೆ ಎಟುಕದ ಕಡೆ. ಅಂಟು ಅಂಟು, ನೋಡೋಕೆ ಅಸಹ್ಯ, ಇರುವೆ ಬಂದಿಲ್ಲ.

ಕರೆಂಟ್ ವಿಷಯಕ್ಕೆ ಭಯ ಬೇಡ. ದೊಡ್ಡ ಟಾರ್ಚಿಗೆ ಹಾಕೋ ದಪ್ಪ ಸೆಲ್ಲು ಮೂರು ಹಾಕೋ ಜಾಗ ಇದೆ, ಹಾಕಿಡಿ. ವೈಫೈ ಹೋದ್ರೂ ಟೈಮ್ ಟೇಬಲ್ ಮಷೀನ್ ಒಳಗೇ ಇರತ್ತೆ. ಮಳೇಲಿ ಟ್ರಾನ್ಸ್‌ಫಾರ್ಮರ್ ಢಮಾರ್ ಅಂದು ಹನ್ನೊಂದು ಗಂಟೆ ಕರೆಂಟ್ ಇರ್ಲಿಲ್ಲ, ನಮಗೆ ಕುಕ್ಕರ್ ಅನ್ನ ಸಾರು ಲೇಟಾಯ್ತು, ಬೋಂಡನಿಗೆ ಒಂದು ನಿಮಿಷ ಲೇಟಾಗಲಿಲ್ಲ.

ಭಯ ಪಡಬೇಕಾದ್ದು ಬೇರೆ. ನವೆಂಬರ್‌ನಲ್ಲಿ ಊರಲ್ಲಿ ಮದುವೆ, ಎರಡು ದಿನ ಹೋಗಿದ್ವಿ. ಫೋನಲ್ಲಿ 5 ಗಂಟೆಗೆ, 9 ಗಂಟೆಗೆ, ಟಿಂಗ್ ಟಿಂಗ್ ಅಂತ "ಊಟ ಕೊಟ್ಟಾಯಿತು" ಅನ್ನೋ ಅರ್ಥದ ಮೆಸೇಜ್ ಬರ್ತಾನೇ ಇದೆ, ನಾನು ನೆಮ್ಮದಿಯಾಗಿ ಹೋಳಿಗೆ ತಿಂತಿದೀನಿ. ರಾತ್ರಿ ಕೆಳಗಿನ ಮನೆ ಆಂಟಿ ನೀರು ಬದಲಾಯಿಸೋಕೆ ಹೋದವರು ಫೋನ್ ಮಾಡಿದ್ರು, "ಬಟ್ಟಲು ಖಾಲಿ ಇದೆಯಮ್ಮ, ದಪ್ಪಂದು ನನ್ನ ಸೀರೆ ಹಿಡ್ಕೊಂಡು ಎಳೀತಿದೆ" ಅಂತ. ಕಾಳು ಒಳಗೆ ಸಿಕ್ಕಿಹಾಕ್ಕೊಂಡಿತ್ತು. ಅಂಗಡೀಲಿ ಮಾಮೂಲಿ ಬ್ರ್ಯಾಂಡ್ ಇರ್ಲಿಲ್ಲ ಅಂತ ತ್ರಿಕೋನ ಆಕಾರದ ದಪ್ಪ ಕಾಳು ತಂದಿದ್ದೆ, ಅದು ಚಕ್ರದ ಹತ್ರ ಒಂದಕ್ಕೊಂದು ಆತುಕೊಂಡು ಕಮಾನು ಕಟ್ಟಿತ್ತು. ಮೋಟರ್ ತಿರುಗಿದೆ ಅಂತ ಆ್ಯಪ್ ಹೇಳತ್ತೆ, ಬಟ್ಟಲಿಗೆ ಬಿತ್ತಾ ಅಂತ ಅದಕ್ಕೆ ಗೊತ್ತಿಲ್ಲ, ನನ್ನ ಮಾಡೆಲ್‌ಗಂತೂ ಗೊತ್ತಿಲ್ಲ. ಆಂಟಿ ಡಬ್ಬಕ್ಕೆ ಎರಡು ಏಟು ಕೊಟ್ರು, ಸರಿ ಹೋಯ್ತು. ಕ್ಯಾಮೆರಾ ಇರೋದು ತಗೊಂಡ್ರೂ ಸರಿ, ಇಲ್ದಿದ್ರೂ ಸರಿ, ಊರಿಗೆ ಹೋಗೋವಾಗ ಕೀಲಿ ಕೊಟ್ಟು ಹೋಗೋಕೆ ಒಬ್ಬರು ಆಂಟಿ ಇರ್ಲೇಬೇಕು. ಸಣ್ಣ ಗುಂಡಗಿನ ಕಾಳು ಮಾತ್ರ ಹಾಕಿ. ಮೆತ್ತನೆ ಊಟಕ್ಕೆ ಈ ಥರದ ಫೀಡರ್ ಆಗೋದೇ ಇಲ್ಲ, ಅದಕ್ಕೆ ಐಸ್ ಪ್ಯಾಕ್ ಇಟ್ಟು ಮುಚ್ಚಳ ತಿರುಗೋ ಥರದ್ದು ಬೇರೆ ಬರತ್ತೆ, ನಾನು ಬಳಸಿಲ್ಲ.

ಎರಡು ಬೆಕ್ಕಿರೋರಿಗೆ: ಒಂದು ಫೀಡರ್‌ನಿಂದ ಆಗಲ್ಲ, ಬರೆದಿಟ್ಕೊಳ್ಳಿ. ಕಾಳು ಎರಡು ಕಡೆ ಹಂಚೋ ಕವಲು ಪೈಪ್ ಸಿಗತ್ತೆ, 600 ರೂಪಾಯಿ ಕೊಟ್ಟು ತಂದೆ, ಬೋಂಡ ಎಡಗಡೇದು ನುಂಗಿ ಬಲಗಡೆ ತಲೆ ತೂರಿಸೋಕೆ ತಗೊಂಡಿದ್ದು ಹನ್ನೊಂದು ಸೆಕೆಂಡು, ಎಣಿಸಿದೀನಿ. ಇದಕ್ಕೆ ನಿಜವಾದ ಔಷಧಿ ಮೈಕ್ರೋಚಿಪ್ ಓದೋ ಬಟ್ಟಲು, ಇಂಗ್ಲೆಂಡಿನ ಶೂರ್‌ಫೀಡ್ ಥರದ್ದು, ಆ ಬೆಕ್ಕಿನ ಕುತ್ತಿಗೆ ಹತ್ರ ಚರ್ಮದ ಕೆಳಗೆ ಹಾಕಿಸಿರೋ ಗುರುತಿನ ಚಿಪ್ ಅಥವಾ ಕಾಲರ್‌ನ ಬಿಲ್ಲೆ ಗುರುತು ಹಿಡಿದ್ರೆ ಮಾತ್ರ ಮುಚ್ಚಳ ತೆಗೆಯತ್ತೆ. ಅಮೆರಿಕದಲ್ಲಿರೋ ನನ್ನ ಕಸಿನ್ ಮನೇಲಿದೆ, ನೋಡಿ ಹೊಟ್ಟೆ ಉರ್ಕೊಂಡು ಬಂದೆ, ಇಲ್ಲಿಗೆ ತರಿಸೋ ಬೆಲೆಗೆ ಹೊಸ ಮಿಕ್ಸಿ ಬರತ್ತೆ. ಹಾಗಾಗಿ ನಾವು ಶಾವಿಗೆ ತಟ್ಟೆನ ಫ್ರಿಡ್ಜ್ ಮೇಲೆ ಇಟ್ವಿ. ಅವಳು ಕಿಟಕಿಯಿಂದ ಶೆಲ್ಫ್, ಶೆಲ್ಫಿಂದ ಫ್ರಿಡ್ಜ್ ಅಂತ ಹಾರ್ತಾಳೆ, ಬೋಂಡ ಕೆಳಗೆ ಕೂತು ಬಾಲ ಬಡೀತಾನೆ. 6.4 ಕೆಜಿ ಎತ್ಕೊಂಡು ಎಲ್ಲಿ ಹಾರ್ತಾನೆ. ಆರು ತಿಂಗಳು ಅವಳು ನೆಮ್ಮದಿಯಾಗಿ ಪಾರಿವಾಳ ನೋಡ್ಕೊಂಡು ತಿಂದ್ಲು.

ಒಟ್ಟು ಐದಕ್ಕೆ ನಾಲ್ಕು ಸ್ಟಾರ್ ಕೊಡೋಣ ಅಂತ ಹೋದ ಭಾನುವಾರ ಬರೆಯೋಕೆ ಕೂತಿದ್ದೆ. ಅಡುಗೆಮನೆಯಿಂದ ಧಪ್ ಅಂತ ಶಬ್ದ. ಹೋಗಿ ನೋಡಿದ್ರೆ ಫ್ರಿಡ್ಜ್ ಮೇಲೆ ಬೋಂಡ. ಒಂದು ಕೆಜಿ ಹತ್ರ ಇಳಿದಿದಾನಲ್ಲ, ಮೈ ಹಗುರಾಗಿದೆ, ಈಗ ಹಾರೋಕೆ ಬರತ್ತೆ. ಶಾವಿಗೆ ತಟ್ಟೆ ತೊಳೆದಿಟ್ಟಂಗಿತ್ತು. ಮೂರೂವರೆ ಸ್ಟಾರ್.